'ಬೇಕು' ಎನ್ನುವವರು ಯಾರು?

ಊರು ಬಿಟ್ಟು ಮುಂಬಯಿ ಸೇರಿದವರ ಮನೆಗೆ ವಯಸ್ಸಾದ ತಂದೆ ತಾಯಿ ಬಂದು ನೆಲೆಸಿದಾಗ ಮೊದಲು ಲೆಕ್ಕಕ್ಕೆ ಬರುವುದು ಅವರ ಊಟ. ಊರಿನಿಂದ ಫೋನ್ ಮಾಡುವವರು ಮೊದಲು ಕೇಳುವುದೂ ಅದನ್ನೇ: 'ಊಟ ಸರಿಯಾಗಿ ಮಾಡ್ತಾರಾ?' ಮಾಡುತ್ತಾರೆ ಎಂದರೆ ಮಗ ಸೊಸೆ ಒಳ್ಳೆಯವರು. ಇಲ್ಲ ಎಂದರೆ ಆಚೆ ಕಡೆ ಒಂದು ಗಳಿಗೆ ಮೌನ. ಆ ಮೌನದ ಅರ್ಥ ಹೊರನಾಡಿನಲ್ಲಿರುವ ಎಲ್ಲರಿಗೂ ಗೊತ್ತು.

ನಾನು ಆ ಮೌನವನ್ನು ಹೆಚ್ಚು ಕಡಿಮೆ ಒಂದು ವರ್ಷ ಕೇಳಿಸಿಕೊಂಡಿದ್ದೇನೆ. 2006ರಲ್ಲಿ ಅಮ್ಮ ತೀರಿಕೊಂಡ ಮೇಲೆ, ಕುಂದಾಪುರದ ಹತ್ತಿರದ ನಮ್ಮ ಮನೆಗೆ ಬೀಗ ಹಾಕಿ, ಅಪ್ಪಯ್ಯನನ್ನು ಮತ್ಸ್ಯಗಂಧದಲ್ಲಿ ಕೂರಿಸಿಕೊಂಡು ಡೊಂಬಿವಲಿಗೆ ಕರೆತಂದೆ. ಆಗ ಅವರಿಗೆ ಎಪ್ಪತ್ತೈದು. ಮೊದಲ ಕೆಲವು ತಿಂಗಳು ಎಲ್ಲವೂ ಸರಿಯಿತ್ತು. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಅನ್ನ ಸಾರು, ಸಂಜೆ ಬಾಲ್ಕನಿಯಲ್ಲಿ ಕೂತು ಹೋಗಿ ಬರುವ ಲೋಕಲ್ ರೈಲುಗಳ ಸದ್ದು ಕೇಳುವುದು. 2007ರ ಮಳೆಗಾಲದ ಹೊತ್ತಿಗೆ ಬಟ್ಟಲಿನ ಮುಂದೆ ಕೂತವರು ಸುಮ್ಮನೆ ಕೂತೇ ಇರತೊಡಗಿದರು. ಅನ್ನ ತಣ್ಣಗಾಗುತ್ತಿತ್ತು. ಕೈ ಮೇಲೇಳುತ್ತಿರಲಿಲ್ಲ.

'ಯಾಕೆ ಅಪ್ಪಯ್ಯ, ರುಚಿಯಾಗಲಿಲ್ವಾ?'

'ಹಾಗೆಂತ ಇಲ್ಲ.'

'ಹಸಿವಿಲ್ವಾ?'

'ಗೊತ್ತಿಲ್ಲ ಮಾರಾಯ.'

ಹಸಿವುಂಟೋ ಇಲ್ಲವೋ ಎಂದು ಮನುಷ್ಯನಿಗೆ ಗೊತ್ತಾಗದೆ ಇರುತ್ತದೆಯೇ? ಇದು ಹಠ ಎಂದು ನಾನು ತೀರ್ಮಾನಿಸಿದೆ. ನನ್ನ ಹೆಂಡತಿ ಮಾಟುಂಗಾಕ್ಕೆ ಹೋಗಿ ಕುಚ್ಚಲಕ್ಕಿ ತಂದಳು. ಕೊಟ್ಟೆ ಕಡುಬು ಮಾಡಿದಳು, ನೀರುದೋಸೆ ಮಾಡಿದಳು. ಯಾವುದಕ್ಕೂ ಕೈ ಏಳಲಿಲ್ಲ. ಅಕ್ಕ ಊರಿನಿಂದ ಫೋನಿನಲ್ಲಿ, 'ಹಳೇ ಮರ ಕಿತ್ತು ಬೇರೆ ಕಡೆ ನೆಟ್ಟರೆ ಎಲೆ ಉದುರದೆ ಇರ್ತದಾ?' ಎಂದಳು. ದೂರದ ನೆಂಟರೊಬ್ಬರು, 'ಹೆಂಡತಿ ಹೋದ ಮೇಲೆ ಅವರಿಗೆ ವೈರಾಗ್ಯ ಬಂದಿದೆ' ಎಂದರು. ಹಠ, ಊರಿನ ಚಿಂತೆ, ವೈರಾಗ್ಯ: ಮೂರೂ ನನ್ನ ಮೇಲಿನ ಆರೋಪವಾಗಿಯೇ ನನಗೆ ಕೇಳಿಸುತ್ತಿತ್ತು. ಒಂದು ರಾತ್ರಿ ತಡೆಯಲಾರದೆ, 'ಊರಲ್ಲಿ ನಮ್ಮ ಮರ್ಯಾದೆ ತೆಗೀಬೇಕೂಂತಲೇ ಹೀಗೆ ಮಾಡ್ತೀರಾ?' ಎಂದು ಕೇಳಿಬಿಟ್ಟೆ. ಅಪ್ಪಯ್ಯ ನನ್ನ ಮುಖವನ್ನೇ ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಬೇಸರವೂ ಇರಲಿಲ್ಲ. ಏನೂ ಇರಲಿಲ್ಲ. ಅದನ್ನು ಕೂಡ ನಾನು ಹಠವೆಂದೇ ಓದಿಕೊಂಡೆ.

ಗುಟ್ಟು ಮೊದಲು ತಿಳಿದದ್ದು ನನ್ನ ಹೆಂಡತಿಗೆ. ಒಂದು ಮಧ್ಯಾಹ್ನ ಅವಳು ಗಂಜಿಗೆ ಮಾವಿನ ಮಿಡಿಯ ರಸ ಬೆರೆಸಿ, ಮಗುವಿಗೆ ಕೊಡುವ ಹಾಗೆ ಒಂದು ಚಮಚ ಅವರ ಬಾಯಿಗಿಟ್ಟಳಂತೆ. ಅಪ್ಪಯ್ಯ ನುಂಗಿದರು. ನಾಲಿಗೆಯಿಂದ ತುಟಿ ಸವರಿಕೊಂಡರು. 'ಮಿಡಿ ಒಳ್ಳೆದುಂಟು' ಎಂದರು. ಎರಡನೆಯ ಚಮಚ, ಮೂರನೆಯದು. ಅರ್ಧ ಬಟ್ಟಲು ಖಾಲಿಯಾಯಿತು. ಹಸಿವು ತೆರೆಯಿತು ಎಂಬ ಸಂತೋಷದಲ್ಲಿ ಇವಳು ಚಮಚವನ್ನು ಅವರ ಕೈಗೇ ಕೊಟ್ಟಳು. ಕೈ ಮತ್ತೆ ತೊಡೆಯ ಮೇಲೆ ಹಾಗೇ ಉಳಿಯಿತು.

ಸಂಜೆ ನಾನು ಬ್ಯಾಂಕಿನಿಂದ ಬಂದಾಗ ಅವಳು ಹೇಳಿದ ಮಾತು ಇದು: 'ಮಾವನಿಗೆ ರುಚಿ ಗೊತ್ತಾಗ್ತದೆ ಕಣ್ರೀ. ಬೇಕು ಅಂತ ಮಾತ್ರ ಆಗೋದಿಲ್ಲ.'

ಈ ಒಂದು ಮಾತನ್ನು ಸಾಧಿಸಿ ತೋರಿಸಲು ವಿಜ್ಞಾನಿಗಳಿಗೆ ಎಷ್ಟು ವರ್ಷ ಹಿಡಿಯಿತು ಎಂಬುದು ನನಗೆ ಆಮೇಲೆ, ನಿವೃತ್ತನಾಗಿ ಓದಲು ಪುರುಸೊತ್ತು ಸಿಕ್ಕಿದ ಮೇಲೆ ತಿಳಿಯಿತು.

ಆ ವಾರವೇ ನರರೋಗದ ವೈದ್ಯರಲ್ಲಿಗೆ ಕರೆದುಕೊಂಡು ಹೋದೆವು. ಅಪ್ಪಯ್ಯನ ಹೆಜ್ಜೆ ಚಿಕ್ಕದಾಗಿತ್ತು, ದನಿ ಇಳಿದಿತ್ತು, ಬಲಗೈ ಸ್ವಲ್ಪ ನಡುಗುತ್ತಿತ್ತು. ಇದನ್ನೆಲ್ಲ ನಾವು ವಯಸ್ಸಿನ ಲೆಕ್ಕಕ್ಕೆ ಬರೆದಿದ್ದೆವು. ವೈದ್ಯರು ಪಾರ್ಕಿನ್ಸನ್ ಎಂದರು. ಮಿದುಳಿನ ಆಳದಲ್ಲಿ ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವ ಜೀವಕೋಶಗಳು ಸಾಯುತ್ತಾ ಬರುವ ಕಾಯಿಲೆ. ಕೈಕಾಲಿನ ಚಲನೆಗೆ ಮಾತ್ರವಲ್ಲ, ಒಂದು ಕೆಲಸಕ್ಕೆ ಕೈ ಹಾಕಬೇಕು ಎಂಬ ಒಳಗಿನ ನೂಕಿಗೂ ಆ ರಾಸಾಯನಿಕ ಬೇಕು ಎಂದು ವಿವರಿಸಿದರು. ಆಮೇಲೆ ನನ್ನ ಕಡೆ ತಿರುಗಿ, 'ಇವರು ಹಠ ಮಾಡುತ್ತಿಲ್ಲ. ಹಠ ಮಾಡುವುದಕ್ಕೂ ಡೋಪಮೈನ್ ಬೇಕು' ಎಂದರು. ನಾನು ತಲೆ ತಗ್ಗಿಸಿದೆ.

ನಾನು ಎಂ.ಕಾಂ. ಓದಿದವನು. ಜಮಾ ಖರ್ಚು ಬಿಟ್ಟರೆ ಬೇರೆ ಶಾಸ್ತ್ರ ತಿಳಿಯದು. ಆದರೆ ಮುಂದೆ ಪ್ರಾಣಿಗಳ ಮೇಲಿನ ಪ್ರಯೋಗಗಳ ಬಗ್ಗೆ ಓದುತ್ತಾ ಹೋದಂತೆ, ನಮ್ಮ ಊಟದ ಮನೆಯಲ್ಲಿ ನಡೆದದ್ದನ್ನೇ ಮತ್ತೆ ಓದುತ್ತಿದ್ದೇನೆ ಎನಿಸಿತು.

1951ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ನಮ್ಮ ದೇಶದವರೇ ಆದ ಬಿ. ಕೆ. ಆನಂದ್ ಮತ್ತು ಅಲ್ಲಿನ ಜಾನ್ ಬ್ರೊಬೆಕ್ ಒಂದು ಸಂಗತಿ ಕಂಡುಹಿಡಿದರು. ಆನಂದ್ ಮುಂದೆ ದೆಹಲಿಯ ಏಮ್ಸ್‌ನಲ್ಲಿ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕರಾದವರು. ಮಿದುಳಿನ ತಳದಲ್ಲಿ ಹೈಪೋಥಾಲಮಸ್ ಎಂಬ ಭಾಗವಿದೆ. ಅದರ ಎರಡೂ ಪಕ್ಕದಲ್ಲಿ ಒಂದು ಸಣ್ಣ ಜಾಗವನ್ನು ಹಾಳು ಮಾಡಿದರೆ ಇಲಿ ತಿನ್ನುವುದನ್ನೇ ಬಿಡುತ್ತದೆ. ಎದುರಿಗೆ ಕಾಳಿನ ರಾಶಿಯಿದ್ದರೂ ಉಪವಾಸ ಬಿದ್ದು ಸಾಯುತ್ತದೆ. ಆ ಜಾಗಕ್ಕೆ ಹಸಿವಿನ ಕೇಂದ್ರ ಎಂದು ಹೆಸರು ಬಂತು. ಬಹಳ ವರ್ಷಗಳ ನಂತರ ಗೊತ್ತಾದ ಸಂಗತಿಯೆಂದರೆ, ಹಾಗೆ ಸುಟ್ಟಾಗ ಆ ದಾರಿಯಾಗಿ ಹಾದುಹೋಗುವ ಡೋಪಮೈನ್ ನರತಂತುಗಳೂ ಕಡಿದುಹೋಗುತ್ತಿದ್ದವು. ಇಲಿಯ ಆ ಅವಸ್ಥೆಗೆ ಅದೂ ಒಂದು ದೊಡ್ಡ ಕಾರಣ.

1954ರಲ್ಲಿ ಟೈಟೆಲ್‌ಬಾಮ್ ಮತ್ತು ಸ್ಟೆಲ್ಲರ್ ಎಂಬಿಬ್ಬರು ಇಂಥ ಇಲಿಗಳನ್ನು ಸಾಯಲು ಬಿಡಲಿಲ್ಲ. ನಳಿಗೆಯಿಂದ ಹೊಟ್ಟೆಗೆ ಆಹಾರ ಹಾಕಿ ಜೀವ ಉಳಿಸಿದರು. ಎದುರಿಗೆ ಮೆತ್ತಗಿನ, ರುಚಿಯಾದ ತಿನಿಸು ಇಡುತ್ತಾ ಬಂದರು. ದಿನಗಳು, ವಾರಗಳು ಕಳೆದಂತೆ ಇಲಿಗಳು ಮೊದಲು ರುಚಿಯಾದದ್ದನ್ನು ಮೂಸಿದವು, ಆಮೇಲೆ ತಿಂದವು, ಕೊನೆಗೆ ಒಣ ಕಾಳನ್ನೂ ತಿನ್ನತೊಡಗಿದವು. ಹಸಿವಿನ ಕೇಂದ್ರ ಹಾಳಾದ ಮೇಲೂ ಯಾರಾದರೂ ಕಾದು ಕೂತು ಉಣ್ಣಿಸಿದರೆ ಜೀವ ದಾರಿ ಹುಡುಕಿಕೊಳ್ಳುತ್ತದೆ. ನನ್ನ ಹೆಂಡತಿ ಈ ಪ್ರಯೋಗದ ಬಗ್ಗೆ ಕೇಳಿದವಳಲ್ಲ.

1995ರಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಪಾಮಿಟರ್ ಎಂಬವರ ಪ್ರಯೋಗಾಲಯ ಡೋಪಮೈನ್ ತಯಾರಿಸಲಾಗದ ಚಿಟ್ಟಿಲಿಗಳನ್ನು ಹುಟ್ಟಿಸಿತು. ಅವು ಮೊದಲ ಕೆಲವು ದಿನ ಉಳಿದ ಮರಿಗಳಂತೆಯೇ ಇದ್ದು, ಬರುಬರುತ್ತಾ ಮಂಕಾಗಿ, ತಿನ್ನುವುದನ್ನು ಬಿಟ್ಟು, ಕೆಲವೇ ವಾರಗಳಲ್ಲಿ ಸಾಯುತ್ತಿದ್ದವು. ಲೆವೊಡೋಪಾ ಚುಚ್ಚಿದ ದಿನ ಎದ್ದು ಓಡಾಡಿ ತಿನ್ನುತ್ತಿದ್ದವು. ಔಷಧಿ ಇಳಿದ ಮೇಲೆ ಮತ್ತೆ ಸುಮ್ಮನೆ. ಬಾಯಿಗೆ ಹಾಕಿದರೆ ಮಾತ್ರ ನುಂಗುತ್ತಿದ್ದವು. ಸಿಹಿನೀರಿಗೂ ಸಪ್ಪೆ ನೀರಿಗೂ ಅವಕ್ಕೆ ವ್ಯತ್ಯಾಸ ತಿಳಿಯುತ್ತಿತ್ತು, ಸಿಹಿಯನ್ನೇ ಆರಿಸುತ್ತಿದ್ದವು.

ಮಿಶಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಡ್ಜ್ ಮತ್ತು ಟೆರಿ ರಾಬಿನ್ಸನ್ ಇದಕ್ಕಿಂತ ಮೊದಲೇ, 1989ರಲ್ಲಿ, ಈ ಸಮಸ್ಯೆಯ ಎಳೆ ಬಿಡಿಸಿದ್ದರು. ಇಲಿಯ ನಾಲಿಗೆಗೆ ಸಿಹಿ ಬಿದ್ದರೆ ಅದು ಎಳೆ ಮಗುವಿನ ಹಾಗೆ ನಾಲಿಗೆ ಚಾಚಿ ಬಾಯಿ ಸವರಿಕೊಳ್ಳುತ್ತದೆ. ಕಹಿ ಬಿದ್ದರೆ ಬಾಯಿ ಅಗಲಿಸಿ ಉಗುಳಲು ನೋಡುತ್ತದೆ. ಡೋಪಮೈನ್ ಬಹುಪಾಲು ಇಲ್ಲವಾಗಿಸಿದ ಇಲಿಗಳು ತಾವಾಗಿ ಒಂದು ಕಾಳನ್ನೂ ಮುಟ್ಟುತ್ತಿರಲಿಲ್ಲ. ಆದರೆ ಬಾಯಿಗೆ ಸಿಹಿ ಬಿಟ್ಟರೆ ಎಂದಿನಂತೆಯೇ ನಾಲಿಗೆ ಚಾಚುತ್ತಿದ್ದವು. ಅಂದರೆ ರುಚಿಸುವುದು ಬೇರೆ, ಬೇಕೆನಿಸುವುದು ಬೇರೆ. ನಾಲಿಗೆಯ ಮೇಲಿನ ಸುಖಕ್ಕೆ ಅಫೀಮಿನ ಜಾತಿಗೆ ಸೇರಿದ, ಮಿದುಳು ತಾನೇ ತಯಾರಿಸಿಕೊಳ್ಳುವ ಕೆಲವು ರಾಸಾಯನಿಕಗಳು ಮುಖ್ಯ. ಆ ಸುಖದ ಕಡೆಗೆ ಎದ್ದು ಹೋಗುವಂತೆ ಮಾಡುವುದು ಡೋಪಮೈನ್. ಸಾಧಾರಣವಾಗಿ ಎರಡೂ ಜೋಡಿ ಎತ್ತಿನ ಹಾಗೆ ಒಟ್ಟಿಗೇ ಹೋಗುವುದರಿಂದ ನಾವು ಒಂದೇ ಎಂದುಕೊಂಡಿದ್ದೇವೆ. ಒಂದು ಎತ್ತು ಕುಸಿದು ಬಿದ್ದಾಗಲೇ ಎರಡಿತ್ತು ಎಂದು ತಿಳಿಯುವುದು.

ಅಪ್ಪಯ್ಯನಿಗೆ ಕೊಟ್ಟದ್ದೂ ಲೆವೊಡೋಪಾವೇ. ಮಿದುಳು ಅದನ್ನು ಡೋಪಮೈನ್ ಮಾಡಿಕೊಳ್ಳುತ್ತದೆ. ಇದರ ಹಿಂದಿನ ಕತೆಯಲ್ಲಿ ನಮ್ಮ ಗುಡ್ಡದ ಎರಡು ಗಿಡಗಳಿವೆ ಎಂದರೆ ಊರಿನಲ್ಲಿರುವ ನಿಮಗೆ ಖುಷಿಯಾದೀತು. ಒಂದು ಸರ್ಪಗಂಧಿ. ಅದರ ಬೇರನ್ನು ರಕ್ತದೊತ್ತಡಕ್ಕೆ ಬಳಸಿ ಜಗತ್ತಿಗೆ ತಿಳಿಸಿದವರಲ್ಲಿ ಮುಂಬಯಿಯ ಹೃದ್ರೋಗ ತಜ್ಞ ರುಸ್ತುಮ್ ಜಾಲ್ ವಕೀಲರು ಮುಖ್ಯರು. ಅವರ ಲೇಖನ 1949ರಲ್ಲಿ ಬ್ರಿಟನ್ನಿನ ವೈದ್ಯಪತ್ರಿಕೆಯಲ್ಲಿ ಬಂತು. ಆ ಬೇರಿನಿಂದ ತೆಗೆದ ರಿಸರ್ಪಿನ್ ಎಂಬ ವಸ್ತು ಮಿದುಳಿನ ಡೋಪಮೈನ್ ದಾಸ್ತಾನನ್ನು ಖಾಲಿ ಮಾಡುತ್ತದೆ. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1957ರಲ್ಲಿ ಮೊಲಗಳಿಗೆ ರಿಸರ್ಪಿನ್ ಕೊಟ್ಟರು. ಮೊಲಗಳು ಕಿವಿ ಜೋಲಿಸಿಕೊಂಡು ಮಿಸುಕದೆ ಬಿದ್ದವು. ಡೋಪಾ ಚುಚ್ಚಿದ ಸ್ವಲ್ಪ ಹೊತ್ತಿನಲ್ಲೇ ಕಿವಿ ನಿಮಿರಿಸಿ ಎದ್ದವು. ಈ ಸಂಶೋಧನೆಗಳಿಗಾಗಿ 2000ದಲ್ಲಿ ಅವರಿಗೆ ನೊಬೆಲ್ ಬಂತು. ಇನ್ನೊಂದು ಗಿಡ ನಸುಗುನ್ನಿ. ಚಿಕ್ಕಂದಿನಲ್ಲಿ ಮೈಗೆ ತಾಗಿಸಿಕೊಂಡು ತುರಿಸಿಕೊಳ್ಳದವರು ನಮ್ಮ ಕಡೆ ಯಾರಿದ್ದಾರೆ? ಅದೇ ನಸುಗುನ್ನಿಯ ಬೀಜದಲ್ಲಿ ಲೆವೊಡೋಪಾ ಇದೆಯೆಂದು 1937ರಲ್ಲೇ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ತೋರಿಸಿದ್ದರು. ಬಯಕೆಯನ್ನು ಕದಿಯುವ ಗಿಡ ಒಂದು, ಅದನ್ನು ಮರಳಿಸುವ ವಸ್ತುವಿರುವ ಗಿಡ ಇನ್ನೊಂದು. (ಹಾಗಂತ ಯಾರೂ ನಸುಗುನ್ನಿ ಕಾಯಿ ಕಿತ್ತು ಮನೆಮದ್ದು ಮಾಡಬೇಡಿ, ಪ್ರಮಾಣ ತಿಳಿಯದೆ ತಿಂದರೆ ಅಪಾಯ.)

ಮಾತ್ರೆ ಶುರುವಾದ ಮೇಲೆ ಅಪ್ಪಯ್ಯ ನಿಧಾನವಾಗಿ ಸುಧಾರಿಸಿದರು. ಕೆಲವು ದಿನ ತಾವೇ ಕಲಸಿ ಉಣ್ಣುತ್ತಿದ್ದರು. ಕೆಲವು ದಿನ ಮೊದಲ ನಾಲ್ಕು ತುತ್ತು ನಾವು ಕೊಡಬೇಕಿತ್ತು. ಅಷ್ಟಾದರೆ ಸಾಕು, ಬಂಡಿ ಹಳಿಗೆ ಬರುತ್ತಿತ್ತು. ಕತೆ ಇಲ್ಲಿಗೇ ಮುಗಿದಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ.

2009ರಲ್ಲಿ ನಡುಕ ಹೆಚ್ಚಾಯಿತೆಂದು ಇನ್ನೊಂದು ಮಾತ್ರೆ ಸೇರಿಸಿದರು. ಡೋಪಮೈನಿನ ವೇಷ ಹಾಕಿಕೊಂಡು ಅದರ ಕೆಲಸ ಮಾಡುವ ಮಾತ್ರೆ. ಎರಡು ಮೂರು ತಿಂಗಳಲ್ಲಿ ಮನೆಯ ಡಬ್ಬಗಳು ಖಾಲಿಯಾಗತೊಡಗಿದವು. ಮೊದಲು ಬೆಲ್ಲ, ಆಮೇಲೆ ಬಿಸ್ಕತ್ತು, ದೀಪಾವಳಿಗೆ ಮಾಡಿಟ್ಟ ಲಾಡು. ರಾತ್ರಿ ಎರಡು ಗಂಟೆಗೆ ಅಡುಗೆಮನೆಯಲ್ಲಿ ಸದ್ದಾಗಿ ಎದ್ದು ನೋಡಿದರೆ ಅಪ್ಪಯ್ಯ ಕತ್ತಲಲ್ಲಿ ನಿಂತು ಲಾಡು ತಿನ್ನುತ್ತಿದ್ದರು. ದೀಪ ಹಾಕಿದೆ. ಕೈಯಲ್ಲಿದ್ದುದನ್ನು ಹಿಂದೆ ಮರೆಮಾಡಿದರು. ನನ್ನ ಶಾಲಾ ಫೀಸಿಗಾಗಿ ತಾವು ಚಾ ಬಿಟ್ಟಿದ್ದ ಮನುಷ್ಯ ಮಗನ ಮುಂದೆ ಲಾಡು ಅಡಗಿಸಿಕೊಂಡು ನಿಂತಿದ್ದರು.

ಕೆಳಗಿನ ಮನೆಯವರು ಒಮ್ಮೆ, 'ನಿಮ್ಮ ಮಾವನಿಗೆ ಸರಿಯಾಗಿ ತಿನ್ನಲು ಕೊಡುವುದಿಲ್ಲವೇ?' ಎಂದು ನನ್ನ ಹೆಂಡತಿಯನ್ನು ಕೇಳಿದರು. ಅವರ ಮನೆಯಲ್ಲಿ ಅಪ್ಪಯ್ಯ ಸಿಹಿ ಕೇಳಿ ತಿಂದಿದ್ದರಂತೆ. ನನಗೆ ಮತ್ತೆ ಮರ್ಯಾದೆಯ ಚಿಂತೆ. ಎರಡು ವರ್ಷದ ಹಿಂದೆ ಕಲಿತ ಪಾಠ ಆ ಹೊತ್ತಿಗೆ ಮರೆತಿತ್ತು. 'ಈ ವಯಸ್ಸಲ್ಲಿ ಇಂಥಾ ಆಸೆ ಯಾಕೆ ಅಪ್ಪಯ್ಯ?' ಎಂದು ಕೇಳಿದೆ. ಅವರು, 'ಆಸೆ ಅಲ್ಲ ಮಗಾ. ರುಚಿಯೂ ಇಲ್ಲ. ಕೈ ಹೋಗ್ತದೆ' ಎಂದರು.

ಮತ್ತೆ ವೈದ್ಯರಲ್ಲಿಗೆ ಹೋದೆವು. ಅವರು ಆ ಮಾತ್ರೆಯನ್ನು ಹಂತ ಹಂತವಾಗಿ ನಿಲ್ಲಿಸಿದರು. ಅದು ಕೆಲವರಲ್ಲಿ ಹೀಗೆ ಮಾಡುತ್ತದೆ ಎಂದರು. ಅಮೆರಿಕದ ಮೇಯೊ ಕ್ಲಿನಿಕ್ಕಿನ ವೈದ್ಯರು 2005ರಲ್ಲೇ, ಈ ಬಗೆಯ ಮಾತ್ರೆ ತೆಗೆದುಕೊಂಡ ಕೆಲವು ಪಾರ್ಕಿನ್ಸನ್ ರೋಗಿಗಳು ಹುಚ್ಚು ಹಿಡಿದಂತೆ ಜೂಜಾಡತೊಡಗಿದ್ದನ್ನು ವರದಿ ಮಾಡಿದ್ದರು. ಕೆಲವರಿಗೆ ಜೂಜು, ಕೆಲವರಿಗೆ ಖರೀದಿ, ಕೆಲವರಿಗೆ ತಿನ್ನುವುದು. ಮಾತ್ರೆ ಬಿಟ್ಟ ಒಂದೆರಡು ತಿಂಗಳಲ್ಲಿ ನಮ್ಮ ಮನೆಯ ಡಬ್ಬಗಳಲ್ಲಿ ಬೆಲ್ಲ ಉಳಿಯತೊಡಗಿತು.

'ರುಚಿಯೂ ಇಲ್ಲ, ಕೈ ಹೋಗ್ತದೆ' ಎಂಬ ಅವರ ಮಾತಿಗೂ ಇಲಿಗಳಲ್ಲಿ ಸಾಕ್ಷಿ ಇದೆ. ಹೈಪೋಥಾಲಮಸ್ಸಿನ ಅದೇ ಪಕ್ಕದ ಜಾಗಕ್ಕೆ ಸಣ್ಣಗೆ ವಿದ್ಯುತ್ ಹರಿಸಿದರೆ ಹೊಟ್ಟೆ ತುಂಬಿದ ಇಲಿಯೂ ಗಬಗಬ ತಿನ್ನುತ್ತದೆ. ಹಾಗಾದರೆ ಅದಕ್ಕೆ ತಿನಿಸು ಹೆಚ್ಚು ರುಚಿಸುತ್ತಿರಬೇಕಲ್ಲ? 1991ರಲ್ಲಿ ಬೆರಿಡ್ಜ್ ಮತ್ತು ವ್ಯಾಲೆನ್‌ಸ್ಟೈನ್ ಇಲಿಗಳ ಮುಖ ನೋಡಿದರು. ನಾಲಿಗೆ ಚಾಚುವುದು ಹೆಚ್ಚಾಗಿರಲಿಲ್ಲ. ಹೆಚ್ಚಿದ್ದೇನಾದರೂ ಇದ್ದರೆ ಅದು ಬೇಡವೆನ್ನುವ ಮುಖ. ಆದರೂ ಬಾಯಿ ತಿನ್ನುತ್ತಲೇ ಇತ್ತು.

ಹೀಗೆ ಒಬ್ಬನೇ ಮನುಷ್ಯನಲ್ಲಿ, ಎರಡು ವರ್ಷದ ಅಂತರದಲ್ಲಿ, ಮೊದಲು ಬೇಕೆಂಬುದಿಲ್ಲದ ರುಚಿಯನ್ನೂ ಆಮೇಲೆ ರುಚಿಯಿಲ್ಲದ ಬೇಕೆಂಬುದನ್ನೂ ಕಂಡೆ. ಮೊದಲನೆಯದಕ್ಕೆ ಹಠ ಎಂದು ಹೆಸರಿಟ್ಟೆ. ಎರಡನೆಯದಕ್ಕೆ ಹೊಟ್ಟೆಬಾಕತನ ಎಂದು ಹೆಸರಿಟ್ಟೆ. ಎರಡೂ ಸಲ ನಾನು ಬರೆದದ್ದು ಸುಳ್ಳು ಲೆಕ್ಕ.

ಬ್ಯಾಂಕಿನಲ್ಲಿ ನಮಗೊಂದು ಪಾಠ ಇತ್ತು. ಸಾಲ ಕಟ್ಟದವರಲ್ಲಿ ಎರಡು ಬಗೆ: ಕಟ್ಟಲು ಶಕ್ತಿ ಇಲ್ಲದವನು, ಶಕ್ತಿ ಇದ್ದೂ ಕಟ್ಟದವನು. ಎರಡನೆಯವನಿಗೆ ಉದ್ದೇಶಪೂರ್ವಕ ಸುಸ್ತಿದಾರ ಎಂಬ ಹಣೆಪಟ್ಟಿ. ಆದರೆ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಆ ಹಣೆಪಟ್ಟಿ ಹಚ್ಚುವ ಮೊದಲು ಅವನಿಗೆ ನೋಟೀಸು ಕೊಡಬೇಕು, ಅವನ ಮಾತು ಕೇಳಬೇಕು, ಸಮಿತಿ ಕೂತು ನೋಡಬೇಕು. ಕೋಟಿ ನುಂಗಿದವನಿಗೂ ಇಷ್ಟು ಮರ್ಯಾದೆ ಉಂಟು. ಅನ್ನದ ಬಟ್ಟಲಿನ ಮುಂದೆ ಕೂತ ಹೆತ್ತ ಅಪ್ಪನಿಗೆ ನಾನು ಒಂದು ನೋಟೀಸೂ ಕೊಡಲಿಲ್ಲ, ನೇರವಾಗಿ ಹಣೆಪಟ್ಟಿ ಹಚ್ಚಿದೆ. ಅಷ್ಟೇ ಅಲ್ಲ, ಬ್ಯಾಂಕಿನ ನಮೂನೆಯಲ್ಲಿ ಇಲ್ಲದ ಮೂರನೆಯ ಬಗೆಯೊಂದಿದೆ ಎಂದು ನನಗೆ ಗೊತ್ತಿರಲಿಲ್ಲ. ಕೈಯಲ್ಲಿ ಶಕ್ತಿ ಇದೆ, ಮನಸ್ಸಿನಲ್ಲಿ ಮೋಸವಿಲ್ಲ, ಆದರೆ 'ಮಾಡಬೇಕು' ಎಂಬುದೇ ಹುಟ್ಟುವುದಿಲ್ಲ. ಅವನು ಆಗುವುದಿಲ್ಲ ಎನ್ನುವವನೂ ಅಲ್ಲ, ಒಲ್ಲೆ ಎನ್ನುವವನೂ ಅಲ್ಲ.

ನೆಂಟರು ಹೇಳಿದ ವೈರಾಗ್ಯದ ಮಾತನ್ನೂ ಈಗ ಬೇರೆ ಬಗೆಯಲ್ಲಿ ಯೋಚಿಸುತ್ತೇನೆ. ನಮ್ಮ ನಾಡಿನಲ್ಲಿ ಬಯಕೆಯನ್ನು ಗೆದ್ದವರಿಗೆ ದೊಡ್ಡ ಗೌರವ. ಶ್ರವಣಬೆಳಗೊಳದ ಬೆಟ್ಟದಲ್ಲಿ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟವರ ಶಾಸನಗಳೇ ಇವೆ. ಅಂಥವರಿಗೆ ಹಸಿವು ಇತ್ತು. ಅದನ್ನು ತಿಳಿದು, ನೋಡಿ, ಕೆಳಗಿಟ್ಟರು. ಸಿಯಾಟಲ್‌ನ ಚಿಟ್ಟಿಲಿಗಳಿಗೆ ಕೆಳಗಿಡಲು ಏನೂ ಇರಲಿಲ್ಲ. ಅವನ್ನು ಯಾರೂ ಸನ್ಯಾಸಿಗಳೆನ್ನುವುದಿಲ್ಲ. ಇದ್ದದ್ದನ್ನು ಬಿಟ್ಟರೆ ತ್ಯಾಗ. ಇಲ್ಲದ್ದು ಬರೀ ಕೊರತೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತದೆ ಎಂಬುದೇ ಇಲ್ಲಿನ ಅಪಾಯ. ಕೊರತೆಗೆ ಕೈಮುಗಿದು ಕೂತರೆ ಮನುಷ್ಯ ಸಾಯುತ್ತಾನೆ.

ಇಲ್ಲಿ ನೀವು ಒಂದು ಪ್ರಶ್ನೆ ಕೇಳಬಹುದು. ನಾನೂ ನನ್ನನ್ನೇ ಕೇಳಿಕೊಂಡಿದ್ದೇನೆ. ಎಲ್ಲವೂ ರಾಸಾಯನಿಕದ ಆಟ ಎಂದರೆ ಯಾರ ಮೇಲೂ ಯಾವ ಹೊಣೆಯೂ ಇಲ್ಲವೇ? ಕುಡಿದು ಹೆಂಡತಿಗೆ ಹೊಡೆಯುವವನೂ 'ಡೋಪಮೈನ್' ಎಂದರೆ ಬಿಟ್ಟುಬಿಡುವುದೇ? ಹಾಗಲ್ಲ ಎಂದು ನನ್ನ ನಂಬಿಕೆ. ಅಪ್ಪಯ್ಯ ಲಾಡು ತಿನ್ನುವಾಗಲೂ ಅದನ್ನು ಹಿಂದೆ ಮರೆಮಾಡಿದರಲ್ಲ? ನಾಚಿಕೆ ಅವರಲ್ಲಿ ಉಳಿದಿತ್ತು. 'ಕೈ ಹೋಗ್ತದೆ' ಎಂದು ನಿಜ ಹೇಳುವ ಪ್ರಾಮಾಣಿಕತೆ ಉಳಿದಿತ್ತು. ಮಾತ್ರೆ ಕಡಿಮೆ ಮಾಡೋಣವೇ ಎಂದಾಗ, ನಡುಕ ಹೆಚ್ಚಾದೀತು ಎಂದು ಗೊತ್ತಿದ್ದೂ, 'ಮಾಡುವ' ಎಂದರು. ಬಯಕೆ ಅವರ ಕೈಯಲ್ಲಿರಲಿಲ್ಲ. ಆ ಬಯಕೆಯ ಬಗ್ಗೆ ಏನು ಮಾಡಬೇಕು ಎಂಬ ಸಣ್ಣ ಜಾಗ ಅವರದಾಗಿತ್ತು. ಹೊಣೆ ಇರುವುದು ಆ ಸಣ್ಣ ಜಾಗದಲ್ಲಿ. ಕೆಲವರಿಗೆ ಅದು ಅಂಗಳದಷ್ಟು ಅಗಲ, ಕೆಲವರಿಗೆ ಬಾಗಿಲ ಸಂದಿನಷ್ಟು. ಹೊಡೆಯುವವನನ್ನು ತಡೆಯಲೇಬೇಕು, ಅದಕ್ಕೆ ಅವನ ಮಿದುಳಿನ ಲೆಕ್ಕ ಮುಗಿಯುವ ತನಕ ಕಾಯಬೇಕಾಗಿಲ್ಲ. ಆದರೆ ತಡೆಯುವುದು ಒಂದು ಕೆಲಸ, ತೀರ್ಪು ಬರೆಯುವುದು ಇನ್ನೊಂದು. ಮೊದಲನೆಯದಕ್ಕೆ ಅವಸರ ಇರಲಿ. ಎರಡನೆಯದಕ್ಕೆ ಬೇಡ.

ಹೆಚ್ಚು ತಿನ್ನುವವರ ಬಗ್ಗೆಯೂ ಇದೇ ಮಾತು. ಲೆಪ್ಟಿನ್ ಎಂಬುದು ಕೊಬ್ಬಿನಿಂದ ಹೊರಟು 'ಸಾಕು' ಎಂದು ಮಿದುಳಿಗೆ ತಿಳಿಸುವ ಹಾರ್ಮೋನು. 1994ರಲ್ಲಿ ನ್ಯೂಯಾರ್ಕಿನಲ್ಲಿ ಚಿಟ್ಟಿಲಿಗಳಲ್ಲಿ ಪತ್ತೆಯಾಯಿತು. 1997ರಲ್ಲಿ ಕೇಂಬ್ರಿಜ್‌ನ ವೈದ್ಯರು ಹುಟ್ಟಿನಿಂದಲೇ ಅದಿಲ್ಲದ ಇಬ್ಬರು ಮಕ್ಕಳನ್ನು ಕಂಡರು. ಎಷ್ಟು ತಿಂದರೂ ತೀರದ ಹಸಿವು. ಲೆಪ್ಟಿನ್ ಚುಚ್ಚಿದ ಮೇಲೆ ಹಸಿವು ಇಳಿಯಿತು. ಅಲ್ಲಿಯ ತನಕ ಅಂಥ ಮಕ್ಕಳಿಗೆ ಬಿದ್ದ ಬೈಗುಳವನ್ನು ಯಾವ ಖಾತೆಗೆ ಬರೆಯುವುದು?

ಇನ್ನು ನನ್ನ ವಿಷಯ. ಬೇರೆಯವರ ಬಯಕೆಯನ್ನು ತೂಗಿ ನೋಡುವವನು ತನ್ನದನ್ನೂ ತಕ್ಕಡಿಗೆ ಹಾಕಬೇಕು. ನಾನು ಗುಮಾಸ್ತನಾಗಿ ಸೇರಿ ಅಧಿಕಾರಿಯಾದವನು. ಪರೀಕ್ಷೆ ಕಟ್ಟಿದೆ, ವರ್ಗಾವಣೆ ಒಪ್ಪಿಕೊಂಡೆ, ಊರು ಬಿಟ್ಟೆ. ಊರಿನಲ್ಲೇ ಉಳಿದ ಗೆಳೆಯನನ್ನು ಕಂಡಾಗಲೆಲ್ಲ ನನ್ನೊಳಗೆ, 'ಇವನಿಗೆ ಛಲ ಇಲ್ಲ' ಎಂದು ಒಂದು ದನಿ ಹೇಳುತ್ತಿತ್ತು. ಕನೆಕ್ಟಿಕಟ್‌ನ ಜಾನ್ ಸಲಮೋನ್ ಎಂಬ ವಿಜ್ಞಾನಿಯ ಇಲಿಗಳ ಬಗ್ಗೆ ಓದಿದ ದಿನ ಆ ದನಿ ತಗ್ಗಿತು. ಒಂದು ಕಡೆ ಸನ್ನೆಗೋಲು ಒತ್ತಿ ಒತ್ತಿ ದುಡಿದರೆ ಸಿಗುವ ರುಚಿಯಾದ ತಿನಿಸು, ಇನ್ನೊಂದು ಕಡೆ ಪುಕ್ಕಟೆ ಸಿಗುವ ಸಾದಾ ಕಾಳು. ಸಾಧಾರಣ ಇಲಿಗಳು ದುಡಿಯುತ್ತವೆ. ಡೋಪಮೈನ್ ತಗ್ಗಿಸಿದ ಇಲಿಗಳು ಸಾದಾ ಕಾಳಿನ ಕಡೆಗೆ ತಿರುಗುತ್ತವೆ. ಅವಕ್ಕೆ ಹಸಿವಿಲ್ಲವೆಂದಲ್ಲ, ದುಡಿಮೆಯ ಭಾರ ಹೆಚ್ಚಾಗಿ ಕಾಣುತ್ತದೆ. ನನ್ನ ಛಲದಲ್ಲಿ ನಾನು ಸಂಪಾದಿಸಿದ್ದು ಎಷ್ಟು, ಹುಟ್ಟುವಾಗಲೇ ಜಮೆಯಾಗಿದ್ದು ಎಷ್ಟು? ಮೂವತ್ತೇಳು ವರ್ಷ ಲೆಕ್ಕ ಬರೆದವನಿಗೂ ಈ ಲೆಕ್ಕ ತಾಳೆ ಬೀಳುವುದಿಲ್ಲ.

ಊರಿನ ಸೆಳೆತವನ್ನೂ ಇದೇ ಬೆಳಕಿನಲ್ಲಿ ನೋಡಿದ್ದೇನೆ. ಮಳೆಯ ಮೊದಲ ವಾಸನೆಗೆ, ಕಾಯಿಸಿದ ತೆಂಗಿನೆಣ್ಣೆಯ ಪರಿಮಳಕ್ಕೆ ನನ್ನ ಮನಸ್ಸು ಕುಂದಾಪುರದ ಗಾಡಿ ಹತ್ತಿಬಿಡುತ್ತದೆ. ಹೋಗಿ ಮೂರು ದಿನವಾದರೆ ಸೊಳ್ಳೆ, ಕರೆಂಟು ಇಲ್ಲ, ಮಾತಾಡುವವರಿಲ್ಲ ಎಂದು ಗೊಣಗುತ್ತೇನೆ. ಸೆಳೆತ ಒಂದು, ಸುಖ ಇನ್ನೊಂದು. ಇದು ತಿಳಿದ ಮೇಲೆ ಸೆಳೆತವೇನೂ ಕಡಿಮೆಯಾಗಿಲ್ಲ. ಅದನ್ನು ಊರಿನ ಮೇಲೋ ಮುಂಬಯಿಯ ಮೇಲೋ ಹಾಕುವ ದೂರು ಮಾತ್ರ ಕಡಿಮೆಯಾಗಿದೆ.

ಹಾಗಾದರೆ ಅಕ್ಕ ಹೇಳಿದ ಕಿತ್ತು ನೆಟ್ಟ ಮರದ ಮಾತು ಸುಳ್ಳೇ? ಅದನ್ನೂ ಹೇಳಲಾರೆ. ಅಮ್ಮನ ಸಾವು, ಬಾಗಿಲಿಗೆ ಬಿದ್ದ ಬೀಗ, ತಿಳಿಯದ ಭಾಷೆಯ ನೆರೆಹೊರೆ, ಇವೆಲ್ಲ ಮನುಷ್ಯನ ಮಿದುಳನ್ನು ತಟ್ಟದೆ ಇರುತ್ತವೆಯೇ? ಕಾಯಿಲೆ ಇತ್ತು. ದುಃಖವೂ ಇದ್ದಿರಬಹುದು. ಕಾಯಿಲೆಯ ಹೆಸರು ಸಿಕ್ಕಿತೆಂದು ನನ್ನ ಪಾಲಿನ ಹೊಣೆಯನ್ನು ನಾನು ಪೂರ್ತಿ ವಜಾ ಮಾಡಿಕೊಂಡಿಲ್ಲ.

ಅಪ್ಪಯ್ಯ 2011ರಲ್ಲಿ ತೀರಿಕೊಂಡರು. ಕೊನೆಯ ತಿಂಗಳುಗಳಲ್ಲಿ ದಿನವೂ ರಾತ್ರಿಯ ಗಂಜಿ ನಾನೇ ಉಣ್ಣಿಸುತ್ತಿದ್ದೆ. ಪ್ರತಿ ಚಮಚಕ್ಕೂ ಅವರ ತುಟಿ ನೋಡುತ್ತಿದ್ದೆ. ನಾಲಿಗೆ ಒಮ್ಮೆ ಹೊರಗೆ ಬಂದು ಸವರಿಕೊಂಡು ಹೋದರೆ ನನಗೆ ಅಷ್ಟು ಸಾಕಾಗುತ್ತಿತ್ತು.

ಹೋದ ವರ್ಷ ಅಕ್ಕ ಫೋನ್ ಮಾಡಿದಳು. ಈಗ ಅವಳಿಗೂ ಎಪ್ಪತ್ತು ದಾಟಿದೆ. 'ಭಾವ ಸರಿಯಾಗಿ ಊಟ ಮಾಡೂದಿಲ್ಲ ಮಾರಾಯ. ಬಟ್ಟಲು ನೋಡ್ಕೊಂಡು ಕೂತಿರ್ತಾರೆ. ಭಯಂಕರ ಹಠ' ಎಂದಳು. 'ಬೈಬೇಡ ಅಕ್ಕ. ನೀನೇ ಒಂದು ತುತ್ತು ಬಾಯಿಗಿಟ್ಟು ನೋಡು. ನಾಳೆಯೇ ಡಾಕ್ಟರ ಹತ್ತಿರ ಕರ್ಕೊಂಡು ಹೋಗು' ಎಂದೆ. ಆಚೆ ಕಡೆ ಒಂದು ಗಳಿಗೆ ಮೌನ. ಮರುದಿನ ಸಂಜೆ ಅವಳೇ ಮತ್ತೆ ಮಾಡಿದಳು.

'ಡಾಕ್ಟರು ಪರೀಕ್ಷೆ ಬರೆದು ಕೊಟ್ಟಿದ್ದಾರೆ' ಎಂದಳು. ಆಮೇಲೆ ದನಿ ತಗ್ಗಿಸಿ, 'ಬೆಳಿಗ್ಗೆ ನಾನೇ ತಿನ್ನಿಸಿದೆ. ಎರಡು ದೋಸೆ ತಿಂದ್ರು' ಎಂದಳು.